ಇಂಗೋಸಿ ಹಾಡಿದ ಮಗಳ ಪ್ರಬಂಧ

ನಮ್ಮ ಖಯೇಗ ಊರಿನಲ್ಲಿ ಇಂಗೋಸಿಯಂಥ ಗಂಟಲು ಇನ್ನೊಬ್ಬನಿಗಿಲ್ಲ. ಶನಿವಾರ ಬೆಳಗ್ಗೆ ತನ್ನ ಹೋರಿ ‘ಟ್ರಾಕ್ಟರ್’ನನ್ನು ಹೋರಿಗಳ ಕಾಳಗದ ಬಯಲಿಗೆ ಹೊಡೆದುಕೊಂಡು ಅವನು ಹಾಡುತ್ತ ಹೊರಟರೆ, ಗಡಿಯಾಚೆ ಉಗಾಂಡದ ಕೋಳಿಗಳು ಮೊಟ್ಟೆ ಇಡುವುದನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದವು. ಓದು ಬರಹ ಬಾರದು. ಆದರೆ ಒಮ್ಮೆ ಕೇಳಿದ್ದನ್ನು ಮರೆಯುವ ಜಾತಿಯವನಲ್ಲ.

ಹೆಂಡತಿ ತೀರಿಹೋದ ಮೇಲೆ ಮಗಳು ಮಿನಾಯೊಳನ್ನು ಅವನೇ ಬೆಳೆಸಿದ. ಅವಳು ಅಮೆರಿಕದ ಕಾಲೇಜಿಗೆ ಅರ್ಜಿ ಹಾಕಿದಳು. ಜೊತೆಗೆ ತನ್ನ ಬದುಕಿನ ಬಗ್ಗೆ ಒಂದು ಪ್ರಬಂಧ ಕಳಿಸಬೇಕು; ಅದು ಹಿಡಿಸಿದರೆ ಓದು, ಊಟ ಎಲ್ಲ ಪುಕ್ಕಟೆ. ಶಾಲೆಯಲ್ಲಿ ಒಬ್ಬರ ಪ್ರಬಂಧಕ್ಕೆ ಇನ್ನೊಬ್ಬರು ಕಣ್ಣು ಹಾಕುವ ಕಾಲ. ಮಿನಾಯೊ ಮೇಷ್ಟರಿಗೂ ತೋರಿಸದೆ ತಲೆದಿಂಬಿನೊಳಗೆ ಹೊಲಿದಿಟ್ಟಳು. ಓದಿ ಹೇಳಿದ್ದು ಅಪ್ಪನೊಬ್ಬನಿಗೆ. ಅಕ್ಷರ ಬಾರದವನಿಗಿಂತ ಭದ್ರವಾದ ಪೆಟ್ಟಿಗೆ ಬೇರೆ ಯಾವುದಿದೆ?

ಟ್ರಾಕ್ಟರ್ ಸೋತು ಕಬ್ಬಿನ ಗದ್ದೆಗೆ ನುಗ್ಗಿದ ದಿನ, ಗಂಡಸರೆಲ್ಲ ಹೆದರಿ ನಿಂತಾಗ ಅವಳೊಬ್ಬಳೇ ಒಳಗೆ ಹೋಗಿ, ಅದರ ಕಿವಿಯಲ್ಲಿ ಅಮ್ಮನ ಜೋಗುಳ ಹಾಡಿ ಮನೆಗೆ ಕರೆತಂದಿದ್ದಳು. ಪ್ರಬಂಧದ ತುಂಬ ಅದೇ.

ಇಂಗೋಸಿ ಕೇಳಿ ಅತ್ತ. ಆ ಕಣ್ಣೀರಿಗೆ ನಮ್ಮ ಹಳ್ಳದಲ್ಲಿ ಮೀನು ಬಂದವು. ಶನಿವಾರ ಬಂದದ್ದೇ ತಡ, ಹೋರಿಯ ಮುಂದೆ ಅದನ್ನೇ ಹಾಡಿದ, ಒಂದು ಮಾತೂ ಬಿಡದೆ. ಪಕ್ಕದಲ್ಲಿ ಡೋಲು ಬಾರಿಸುತ್ತಿದ್ದವನು ಮಿನಾಯೊಳ ಸಹಪಾಠಿ ಶಿತಾಂಡ. ಅವನು ಅದನ್ನೇ ಬರೆದುಕೊಂಡು, ಮಗಳಿದ್ದ ಕಡೆ ಮಗನನ್ನು ಕೂರಿಸಿ, ಅದೇ ಕಾಲೇಜಿಗೆ ಅವಳಿಗಿಂತ ಮೊದಲೇ ಕಳಿಸಿಬಿಟ್ಟ.

ಎರಡು ಅರ್ಜಿಯಲ್ಲಿ ಒಂದೇ ಹೋರಿ ಹೇಗೆಂದು ಕಾಲೇಜು ಶಾಲೆಗೆ ಬರೆದು ಕೇಳಿತು. ಹೆಡ್‌ಮೇಷ್ಟರು ಎಲ್ಲರನ್ನೂ ಕರೆಸಿದರು. ನೆರೆಯವನೆಂದು ನಾನೂ ಹೋಗಿದ್ದೆ.

“ಕದ್ದಿಲ್ಲ ಸಾರ್,” ಎಂದ ಶಿತಾಂಡ. “ಹೋರಿ ಮುಂದೆ ಹಾಡಿದ್ದು ಊರಿನ ಹಾಡು. ಯಾರು ಬೇಕಾದ್ರೂ ಎತ್ಕೋಬಹುದು. ಬೇಕಾದ್ರೆ ಇಂಗೋಸಿ ಮಾಮನ್ನೇ ಕೇಳಿ, ಅವನ ಅರ್ಧ ಹಾಡು ನಮ್ಮಜ್ಜಂದು.”

ಇಂಗೋಸಿ ನೆಲ ನೋಡಿದ. ನಮ್ಮೂರ ಹಾಡುಗಾರರ ಪದ್ಧತಿ ಅದೇ; ಅವನೂ ಹಾಗೇ ಎತ್ತಿಕೊಂಡವನು.

ಮಿನಾಯೊ ಶಿತಾಂಡನತ್ತ ತಿರುಗಿಯೂ ನೋಡಲಿಲ್ಲ. “ನೀನಾ ಅಪ್ಪ?” ಎಂದಳು ಅಷ್ಟೇ.

“ಹೆಮ್ಮೆಗೆ ಹಾಡ್ದೆ ಕಣೇ!”

“ಸೋಮವಾರದೊಳಗೆ ಇಬ್ಬರೂ ಹೊಸದು ಕಳಿಸ್ಬೇಕು,” ಎಂದರು ಹೆಡ್‌ಮೇಷ್ಟರು. “ಇಲ್ಲಾಂದ್ರೆ ಇಬ್ಬರ ಅರ್ಜೀನೂ ಹೋಯ್ತು.”

ಮನೆಯಲ್ಲಿ ಇಂಗೋಸಿ ಮೆಕ್ಕೆಜೋಳದ ಮುದ್ದೆ ಉಗಾಲಿ ಬೇಯಿಸಿ, ಅವಳ ಮುಂದಿಟ್ಟು ಬೇಡಿಕೊಂಡ: “ಹೊಸದನ್ನ ಓದಿ ಹೇಳೇ ಮಗಳೇ. ಟ್ರಾಕ್ಟರ್ ಆಣೆ, ಹಾಡಲ್ಲ.”

“ನೀನು ಕೆಟ್ಟೋನಲ್ಲ ಅಪ್ಪ. ನಿನ್ನ ಕಿವಿಗೂ ಬಾಯಿಗೂ ಮಧ್ಯೆ ಬಾಗಿಲೇ ಇಲ್ಲ,” ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಅಗಳಿ ಹಾಕಿದಳು.

ಸೋಮವಾರ ಅವಳು ಹೊಸ ಪ್ರಬಂಧ ಕಳಿಸಲು ಪೇಟೆಯ ಸೈಬರ್ ಅಂಗಡಿಗೆ ನಡೆದಳು. ಇಂಗೋಸಿ ದೂರದಿಂದ ಹಿಂಬಾಲಿಸಿ, ಅಂಗಡಿ ಬಾಗಿಲಿಗೆ ಅಡ್ಡ ನಿಂತು ಒಂದು ನೊಣವನ್ನೂ ಒಳಗೆ ಬಿಡಲಿಲ್ಲ.

“ಏನು ಬರೆದಿದಾಳಂತೆ?” ಎಂದು ಅವನ ಜೊತೆ ಹೋಗಿದ್ದ ನಾನು ಕೇಳಿದೆ.

“ನಂಗೊತ್ತಿಲ್ಲಪ್ಪ. ಹೇಳಿಲ್ಲ.”

ಮಿನಾಯೊ ಹೊರಬಂದಳು. ಅಪ್ಪನ ಪಕ್ಕದಲ್ಲೇ ಹಾದು ಬಂದು ನನಗೆ ಹೇಳಿದಳು: “ಕಳಿಸಿದೆ ಮಾಮ.”