ಜಹೀರಾಬಾದಿನ ಎರಡು ಮಂಚದ ಕೋಣೆ

ನಾನು ಕನ್ನಡ ಓದಲು ಕಲಿತದ್ದು ಗೆಳತಿಯ ಮನೆಯ ಪಡಸಾಲೆಯಲ್ಲಿ. ನಾರಾಯಣಖೇಡದಲ್ಲಿ ನಮ್ಮದೂ ಅವರದೂ ಒಂದೇ ಓಣಿ. ನಮ್ಮ ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ತೆಲುಗು, ಅವರ ಮನೆಯಲ್ಲಿ ಕನ್ನಡ. ಅವರು ಲಿಂಗಾಯತರು. ಅವಳ ಅಜ್ಜಿ ಮೊಮ್ಮಗಳಿಗೆ ಅಕ್ಷರ ತಿದ್ದಿಸುವಾಗ ನನ್ನ ಕೈಗೂ ಒಂದು ಪಾಟಿ ಕೊಡುತ್ತಿದ್ದರು. ಸಂಜೆ ನಾನು ಅರಬ್ಬಿ ಪಾಠಕ್ಕೆ ಹೊರಟರೆ ಗೆಳತಿ ಬಾಗಿಲವರೆಗೆ ಬಂದು ನನ್ನ ಓಢಣಿ ಸರಿ ಮಾಡಿ ಕಳಿಸುತ್ತಿದ್ದಳು. ಒಂದನೇ ತರಗತಿಯಿಂದ ಡಿಗ್ರಿ ಮುಗಿಯುವವರೆಗೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತವರು, ಒಂದೇ ಡಬ್ಬಿಯಲ್ಲಿ ಉಂಡವರು.

ಇಬ್ಬರಿಗೂ ಜಹೀರಾಬಾದಿನಲ್ಲಿ ಬಿ.ಎಡ್. ಸೀಟು ಸಿಕ್ಕಿತು. ಬಸ್ಸಿನಲ್ಲಿ ಹೋಗಿ ಬರಲು ದಿನಕ್ಕೆ ಮೂರು ತಾಸಿಗಿಂತ ಹೆಚ್ಚು. ಅಲ್ಲೇ ಒಂದು ಕೋಣೆ ಹಿಡಿದು ಇರೋಣವೆಂದು ಮಾತಾಯಿತು. ಅಬ್ಬಾ ಮೊದಲು ಹಿಂದೆಮುಂದೆ ನೋಡಿದರು. ಅಮ್ಮಿಯೇ ಅವರ ಎದುರು ಕೂತು ಮಾತಾಡಿ ಒಪ್ಪಿಸಿದಳು. ತಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಮಗಳು ಟೀಚರಾಗಬೇಕೆಂಬುದು ಅವಳ ಹಟ. ನನಗೆಂದು ಒಂದು ಹೊಸ ಜಾನಮಾಜನ್ನೂ, ಅಂದರೆ ನಮಾಜಿನ ಚಾಪೆಯನ್ನೂ, ತಂದಿಟ್ಟಳು.

ಕೋಣೆ ನೋಡಿ ಬರಲು ಗೆಳತಿ ತನ್ನ ಅಪ್ಪನ ಜೊತೆ ಹೋದಳು. ಸಂಜೆ ನೇರ ನಮ್ಮ ಮನೆಗೆ ಬಂದವಳು ಅಂಗಳದಲ್ಲೇ ನಿಂತಳು.

"ಕೋಣಿ ಛಲೋ ಅದ. ಕಾಲೇಜಿನಿಂದ ಐದು ನಿಮಿಷ ಅಷ್ಟೇ. ಆದ್ರ..."

"ಆದ್ರ ಏನು?"

"ಮನಿ ಮಾಲಕಿ ಒಬ್ಬಾಕಿ ಮುದುಕಿ ಅದಾಳ. ತುರುಕರಿಗೆ ಕೊಡಂಗಿಲ್ಲ ಅಂದ್ಳು. ನಾ ಎಷ್ಟು ಹೇಳಿದ್ರೂ ಕೇಳಲಿಲ್ಲ."

ಆ ಶಬ್ದವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮುದುಕಿಯ ಮಾತನ್ನು ಹಾಗೆಯೇ ತಂದು ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳ ಕಣ್ಣು ತುಂಬಿತ್ತು. "ನಾನೂ ಬಿಟ್ಟುಬಿಡ್ತೀನಿ" ಎಂದಳು. "ನೀ ಯಾಕ ಬಿಡ್ತಿ, ಹುಚ್ಚಿ? ನೀ ಇರು, ನಾ ಬಸ್ಸಿನಾಗ ಬರ್ತೀನಿ" ಎಂದು ಅವಳ ಕಣ್ಣನ್ನು ನನ್ನ ಓಢಣಿಯಿಂದಲೇ ಒರೆಸಿದೆ. ಅವಳನ್ನು ಸಮಾಧಾನ ಮಾಡಿದವಳು ನಾನು!

ಎರಡು ವರ್ಷ ಬಸ್ಸಿನಲ್ಲೇ ಓಡಾಡಿದೆ. ಬೆಳಗಿನ ನಮಾಜು ಮುಗಿಸುವುದರೊಳಗೆ ಅಮ್ಮಿ ಜೋಳದ ರೊಟ್ಟಿ ಕಟ್ಟಿಟ್ಟಿರುತ್ತಿದ್ದಳು. ತೊಗರಿ ಸುಗ್ಗಿಯಲ್ಲಿ ಬಸ್ಸು ತುಂಬಿ, ಕಾಲಿಡಲು ಜಾಗವಿಲ್ಲದೆ ನಿಂತೇ ಹೋಗಿದ್ದುಂಟು. ಕಾಲೇಜಿನಲ್ಲಿ ಮಧ್ಯಾಹ್ನದ ನಮಾಜಿಗೆ ಜಾಗವಿರಲಿಲ್ಲ. ಐದು ನಿಮಿಷದ ದಾರಿಯಲ್ಲಿ ಗೆಳತಿಯ ಕೋಣೆಯಿತ್ತು, ಆದರೆ ಆ ಮುದುಕಿ ನೋಡಿದರೆ ರಂಪ ಮಾಡುತ್ತಾಳೆಂದು ಗೆಳತಿ ಹೇಳಿದ್ದಳು. ಅವಳು ಪುಸ್ತಕ ಮರೆತು ಬಂದ ದಿನ ತರಲು ಜೊತೆಗೆ ಹೋದರೂ ನಾನು ಓಣಿಯ ತಿರುವಿನಲ್ಲೇ ನಿಲ್ಲುತ್ತಿದ್ದೆ. ರಂಜಾನಿನಲ್ಲಿ ಹೊತ್ತು ಮುಳುಗುವಾಗ ನಾನು ಬಸ್ಸಿನಲ್ಲಿರುತ್ತಿದ್ದೆ. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಿಂದ ಖರ್ಜೂರ ಬಾಯಿಗೆ ಹಾಕಿಕೊಂಡು ರೋಜಾ ಬಿಡುತ್ತಿದ್ದೆ. ಪರಿಚಯವೇ ಇಲ್ಲದ ಕುರುಬರ ಹೆಂಗಸೊಬ್ಬಳು ಒಮ್ಮೆ ತನ್ನ ನೀರಿನ ಬಾಟಲಿ ಚಾಚಿ, "ಕುಡಿ ಯವ್ವಾ, ದಿನಪೂರ್ತಿ ಉಪಾಸ ಇದ್ದಿ" ಎಂದಿದ್ದಳು. ಅವಳು ಹಾಗೆ ಅಂದ ಕೂಡಲೇ ನನಗೆ ಆ ಮನೆ ಮಾಲಕಿಯ ನೆನಪಾಯಿತು.

ನಾನು ಆ ಮುದುಕಿಯನ್ನು ದ್ವೇಷಿಸಿದೆ. ಮುಖ ನೋಡದೆಯೇ ಅವಳಿಗೊಂದು ಮುಖ ಕೊಟ್ಟಿದ್ದೆ. ತಂಗಿಗೆ, ಸಂಬಂಧಿಕರಿಗೆ, ಕಾಲೇಜಿನ ನಮ್ಮವರಿಗೆ ಅವಳ ಕಥೆ ಹೇಳಿದೆ. ನಮ್ಮನ್ನು ಯಾರು ಹೇಗೆ ನೋಡುತ್ತಾರೆ ಎಂಬ ಮಾತು ಬಂದಲ್ಲೆಲ್ಲ ಅವಳೇ ನನ್ನ ಸಾಕ್ಷಿ. ಮುಂದೆ ಎರಡು ಕಡೆ ನಿಜವಾಗಿಯೂ ನನ್ನ ಹೆಸರು ಕೇಳಿದ ಮೇಲೆ ಕೋಣೆ ಇಲ್ಲವೆಂದರು. ಹೀಗಾಗಿ ಮೊದಲನೆಯದನ್ನು ಅನುಮಾನಿಸಬೇಕೆಂದು ಎಂದೂ ಅನ್ನಿಸಲಿಲ್ಲ.

ಬಿ.ಎಡ್. ಮುಗಿಯುತ್ತಲೇ ಗೆಳತಿಗೆ ತಾಂಡೂರಿನ ಕಡೆ ಲಗ್ನವಾಯಿತು. ನನಗೆ ನಾಲ್ಕಾರು ವರ್ಷ ಅಲ್ಲಿ ಇಲ್ಲಿ ದುಡಿದ ಮೇಲೆ ಜಹೀರಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಜೊತೆಯ ಟೀಚರೊಬ್ಬರು ಖಾಲಿ ಕೋಣೆಯೊಂದರ ಗುರುತು ಹೇಳಿದರು. ಅಮ್ಮಿಯನ್ನು ಕರೆದುಕೊಂಡು ಹೋದೆ. ಓಣಿಯ ತಿರುವಿಗೆ ಬಂದಾಗ ತಿಳಿಯಿತು, ಇದು ಅದೇ ಮನೆ. ಹಿಂದಿರುಗೋಣ ಎಂದು ಅಮ್ಮಿಯ ಕೈ ಎಳೆಯುವಷ್ಟರಲ್ಲಿ ಗೇಟಿನ ಒಳಗಿನಿಂದ ದನಿ ಬಂತು.

"ಬಿಸಿಲಾಗ ಯಾಕ ನಿಂತೀರಿ? ಒಳಗ ಬರ್ರಿ."

ಹಣೆಗೆ ವಿಭೂತಿ ಹಚ್ಚಿಕೊಂಡ, ಬೆನ್ನು ಸ್ವಲ್ಪ ಬಾಗಿದ ಮುದುಕಿ. ನಾವು ಕೂರುವ ಮುಂಚೆಯೇ ನೀರಿನ ಚೊಂಬು, ಎರಡು ಲೋಟ ತಂದಿಟ್ಟಳು. ಅಮ್ಮಿಗೆ ಮೊಣಕಾಲು ನೋವು. ಕುರ್ಚಿ ಎಳೆದು ಕೂರಿಸಿದಳು. ನನಗೆ ತಡೆಯಲಾಗಲಿಲ್ಲ.

"ಆಯಿ, ನಾವು ನಾರಾಯಣಖೇಡದವರು, ಮುಸಲ್ಮಾನರು" ಎಂದೆ.

"ಅದು ಕಾಣ್ತದಲ್ಲ ತಂಗಿ, ಬುರ್ಖಾ ಹಾಕ್ಕೊಂಡು ಬಂದಿ" ಎಂದು ನಕ್ಕಳು. "ಮಾಂಸ ಒಂದು ಒಳಗ ಕುದಿಸಬ್ಯಾಡ. ಅದು ನಾ ಎಲ್ಲಾರಿಗೂ ಹೇಳ್ತೀನಿ. ನೀರಿನ ಮೋಟಾರು ಬಂದ್ ಮಾಡೋದು ಮರಿಬ್ಯಾಡ. ಆತು ನೋಡು, ಇಷ್ಟೇ."

ಕೋಣೆ ತೋರಿಸಿದಳು. ಒಳಗೆ ಎರಡು ಮಂಚಗಳಿದ್ದವು.

"ಹಿಂದ ನಿಮ್ಮ ಖೇಡಿನಾಕಿನೇ ಒಬ್ಬಾಕಿ ಇದ್ಳು, ಬಿ.ಎಡ್. ಮಾಡಾಕ ಬಂದಾಕಿ" ಎಂದು ಮುದುಕಿ ತಾನಾಗಿ ಶುರುಮಾಡಿದಳು. "ಇಬ್ಬರು ಬರ್ತೀವಿ ಅಂದಿದ್ರು, ಅದಕ್ಕ ಎರಡು ಮಂಚ ಹಾಕಸಿದ್ದೆ. ಆಮ್ಯಾಲ ಒಬ್ಬಾಕಿನೇ ಬಂದ್ಳು."

"ಇನ್ನೊಬ್ಬಾಕಿ ಯಾಕ ಬರಲಿಲ್ಲಂತ?" ಎಂದು ಕೇಳಿದೆ.

"ಅಕಿ ನಿಮ್ಮವರ ಪೈಕಿ ಹುಡುಗಿ ಅಂತ. ಮನ್ಯಾಗ ಅವ್ವ ಅಪ್ಪ ಕಳಸಂಗಿಲ್ಲ ಅಂದಾರಂತ. 'ಅವರಾಗ ಹೆಣ್ಮಕ್ಕಳಿಗೆ ಹಂಗೇ ಆಯಿ' ಅಂದ್ಳು. ನನಗ ಭಾಳ ಕೆಟ್ಟ ಅನಿಸ್ತು. ಓದೋ ಹುಡುಗಿ."

ಅಮ್ಮಿಗೆ ಕನ್ನಡ ಮಾತಾಡಲು ಹೆಚ್ಚು ಬಾರದು, ತಿಳಿಯುತ್ತದೆ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದವಳು ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು: "ಹಮೇ ನೈ ಭೇಜೇ ಬೋಲೀ ಕ್ಯಾ?" ನಾವೇ ಕಳಿಸಲಿಲ್ಲ ಅಂದಳಾ?

ಎರಡು ವರ್ಷ ಬೆಳಗು ಹರಿಯುವ ಮುಂಚೆ ಎದ್ದು ನನಗೆ ರೊಟ್ಟಿ ತಟ್ಟಿದವಳು ಅವಳು. ಅವಳ ಮುಖವನ್ನು ನೋಡಲಾಗಲಿಲ್ಲ.

ಆ ವಾರದ ರಜೆಯ ದಿನ ತಾಂಡೂರಿನ ಬಸ್ಸು ಹತ್ತಿದೆ. ಗೆಳತಿಯ ಮನೆಯ ಅಂಗಳಕ್ಕೆಲ್ಲ ನೀಲಿಬೂದು ಬಣ್ಣದ ಹಾಸುಗಲ್ಲು. ಅವಳು ಅಲ್ಲೇ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ಓಡಿಬಂದು ತಬ್ಬಿಕೊಂಡಳು. ನಾನು ತಿರುಗಿ ತಬ್ಬಲಿಲ್ಲ.

"ಆ ಮನಿ ಆಯಿಗೆ ಭೆಟ್ಟಿಯಾಗಿ ಬಂದೀನಿ" ಎಂದೆ.

"ಯಾವ ಆಯಿ?" ಎಂದಳು. ತಿಳಿದಾಗ ನೆಲ ನೋಡಿದಳು.

"ಆಗ ಈ ಮನಿಯವರು ನನ್ನ ನೋಡಾಕ ಬರೋರಿದ್ರು. ಒಂದೇ ಕೋಣ್ಯಾಗ ನೀನು ನಮಾಜ ಮಾಡ್ತಿದ್ದಿ, ಒಂದೇ ಒಲಿ ಮ್ಯಾಲ ಇಬ್ಬರದೂ ಅಡಗಿ. ಅವರು ಬಂದು ನೋಡಿದ್ರ ಏನಂತಿದ್ರು? ಅಪ್ಪನೂ ಬ್ಯಾಡ ಅಂದ."

"ನನಗ ಅದನ್ನೇ ಹೇಳಬೇಕಾಗಿತ್ತು."

"ಹೆಂಗ ಹೇಳಲಿ? ನಾನೇ ಬ್ಯಾಡ ಅಂದೀನಿ ಅಂದ್ರ ನಿನಗ ನೋವಾಗ್ತಿತ್ತು. ಗುರ್ತಿಲ್ಲದಾಕಿ ಅಂದ್ರ ಮರೀತಿ ಅಂತ ತಿಳಿದೆ."

"ನಮ್ಮ ಅಮ್ಮಿ ಮ್ಯಾಲ ಯಾಕ ಹಾಕಿದಿ?"

"ಆಯಿ ಕೇಳಿದ್ಳು. ಏನರೆ ಒಂದು ಹೇಳಬೇಕಾಗಿತ್ತು."

ಏನಾದರೂ ಒಂದು! ನಮ್ಮ ಮನೆಯಲ್ಲಿ ಶೀರ್‌ಖುರ್ಮಾ ಪಾಯಸ ಮಾಡಿದಾಗಲೆಲ್ಲ ಮೊದಲ ಬಟ್ಟಲು ಅವಳಿಗೇ ಹೋಗುತ್ತಿತ್ತು. ಅದೇ ಅಮ್ಮಿಯ ಬಗ್ಗೆ ಹೇಳಲು ಅವಳಿಗೆ ಹೊಳೆದದ್ದು ಊರವರೆಲ್ಲ ನಮ್ಮ ಬಗ್ಗೆ ಸಿದ್ಧವಾಗಿ ಇಟ್ಟುಕೊಂಡ ಆ ಒಂದು ಮಾತು. ನನಗೆ ಹೇಳುವಾಗಲೂ ಅಷ್ಟೇ, ಆ ಬೈಗುಳ ಮುದುಕಿಯದಾಗಿರಲಿಲ್ಲ, ಗೆಳತಿಯೇ ಹುಡುಕಿಕೊಂಡದ್ದು.

ಅವಳು ಅಳಲು ಶುರುಮಾಡಿದಳು. ಈ ಸಲ ಒರೆಸಲು ನನಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವಳ ಅತ್ತೆ, "ಯಾರು ಬಂದಾರ?" ಎಂದು ಕೂಗಿದರು. ಗೆಳತಿ ಸೆರಗಿನಿಂದ ಗಬಕ್ಕನೆ ಮುಖ ಒರೆಸಿಕೊಂಡು, "ಯಾರಿಲ್ರಿ ಅತ್ತಿ, ಕಾಲೇಜಿನಾಗ ಒಬ್ಬಾಕಿ ಇದ್ದಳಲ್ರಿ, ಅಕಿ" ಎಂದಳು. ಚಹಾ ತರುತ್ತೇನೆಂದು ಒಳಗೆ ಹೋದಳು. ಅವಳು ಬರುವುದರೊಳಗೆ ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದೆ.

ಕೋಣೆ ನಾನೇ ಹಿಡಿದೆ. ಹೋದ ಕೆಲವೇ ದಿನಗಳಲ್ಲಿ ಆಯಿಯ ಮುಂದೆ ಕೂತು ಎಲ್ಲ ಹೇಳಿ ಮಾಫಿ ಕೇಳಿದೆ. ಮಾಡದ ತಪ್ಪನ್ನು ಒಬ್ಬರ ತಲೆಗೆ ಕಟ್ಟಿ ಮಾತಾಡುವುದು ನಮ್ಮಲ್ಲಿ ದೊಡ್ಡ ಪಾಪ. ಅಲ್ಲಾಹನಿಗೆ ಎಷ್ಟು ಕೈಯೆತ್ತಿದರೂ ಸಾಲದು, ಆ ಮನುಷ್ಯರೇ ಕ್ಷಮಿಸಬೇಕು. ಆಯಿ ಕೇಳಿದ್ದು ಒಂದೇ ಮಾತು: "ಎಷ್ಟು ಮಂದಿಗೆ ಹೇಳಿದಿ?" ಬೆರಳು ಮಡಚಿ ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟೆ. ಎರಡು ದಿನ ಆಕೆ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, "ತಂಗಿ, ಮೋಟಾರು ಬಂದ್ ಮಾಡು" ಎಂದು ಕೂಗಿದಳು. ಅಷ್ಟಕ್ಕೇ ನನಗೆ ಅಳು ಬಂತು.

ಆಮೇಲೆ ನೆನಪಾದವರಿಗೆಲ್ಲ ಫೋನು ಮಾಡಿ, ಆ ಮಾತು ಸುಳ್ಳಾಗಿತ್ತು ಎಂದೆ. ಕೆಲವರು ನಂಬಲೇ ಇಲ್ಲ. "ಒಂದು ಕಡಿ ಸುಳ್ಳಾದ್ರೂ ಹತ್ತು ಕಡಿ ಖರೆನೇ ಅದಲ್ಲ" ಎಂದಳು ನನ್ನ ತಂಗಿ. ಅದೂ ನಿಜ. ಆದರೆ ಕೋಣೆ ಇಲ್ಲವೆಂದ ಆ ಎರಡು ಬಾಗಿಲುಗಳ ಮುಂದೆ ನಿಂತಾಗ ನನಗೆ ಇಷ್ಟು ನೋವಾಗಿರಲಿಲ್ಲ. ಅಲ್ಲಿ ಬಾಗಿಲು ಹಾಕಿದವರಿಗೆ ನನ್ನ ಹೆಸರೊಂದು ಮಾತ್ರ ಗೊತ್ತಿತ್ತು.

ತಪ್ಪಿದ ನಮಾಜನ್ನು ಆಮೇಲೆ ತೀರಿಸುವುದಕ್ಕೆ ನಮ್ಮಲ್ಲಿ ಕಜಾ ಎನ್ನುತ್ತಾರೆ. ಆ ಎರಡು ವರ್ಷದ ಮಧ್ಯಾಹ್ನಗಳ ಕಜಾವನ್ನು ಈಗ ಈ ಕೋಣೆಯಲ್ಲಿ ದಿನಕ್ಕೊಂದರಂತೆ ಮಾಡುತ್ತಿದ್ದೇನೆ. ಚಿಕ್ಕಂದಿನಿಂದ ಪ್ರತಿ ದುವಾದಲ್ಲೂ ಗೆಳತಿಯ ಹೆಸರು ಹೇಳುತ್ತಿದ್ದೆ. ಈಗಲೂ ನಾಲಿಗೆ ಅಭ್ಯಾಸದಿಂದ ಅಲ್ಲಿಯವರೆಗೆ ಹೋಗುತ್ತದೆ, ನಿಲ್ಲುತ್ತದೆ. ಕ್ಷಮಿಸುವವರನ್ನು ದೇವರು ಮೆಚ್ಚುತ್ತಾನೆಂದು ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುತ್ತೇನೆ. ಹೇಳಿಕೊಡುವುದು ಸುಲಭ.

ಮೊನ್ನೆ ಅವಳಿಗೆ ಮಗಳು ಹುಟ್ಟಿದಳೆಂದು ಅವಳ ತಾಯಿ ನಮ್ಮ ಮನೆಗೆ ಬಂದು ತೊಟ್ಟಿಲಿಗೆ ಕರೆದು ಹೋದರು. ಅವರಿಗೆ ಏನೂ ಗೊತ್ತಿಲ್ಲ, ಅಮ್ಮಿ ಹೇಳಿಲ್ಲ. ಪೆಟ್ಟಿಗೆಯಿಂದ ಒಂದು ಹೊಸ ಕೌದಿ ತೆಗೆದು, ಕೂಸಿಗೆಂದು ಅವರ ಕೈಗೆ ಕೊಟ್ಟಳಂತೆ. ತಾನು ಮಾತ್ರ ಮೊಣಕಾಲಿನ ನೆವ ಹೇಳಿ ಹೋಗಲಿಲ್ಲ. ನಾನೂ ಹೋಗಲಿಲ್ಲ.