ಮೊಟ್ಟೆ ವಾಸನೆ

ನಮ್ಮ ಮನೆಯಲ್ಲಿ ಮೊಟ್ಟೆ ಒಡೆದವರೇ ಇರಲಿಲ್ಲ. ಲಿಂಗಾಯತರ ಮನೆಯಲ್ಲಿ ಹುಟ್ಟಿ ಲಿಂಗಾಯತರ ಮನೆಗೇ ಸೊಸೆಯಾಗಿ ಬಂದವಳು ನಾನು. ಮೊಟ್ಟೆ ಹೇಗೆ ನಾರುತ್ತದೆ ಎಂಬುದು ಅತ್ತೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದೊಂದು ಗೊತ್ತಿಲ್ಲದ್ದಕ್ಕೆ ನಮ್ಮ ಬನಶಂಕರಿಯ ಮನೆ ಒಳಗಿದ್ದವರ ಸಮೇತ ಸುಟ್ಟು ಹೋಗುವುದರಲ್ಲಿತ್ತು.

ಮಗಳು ಈಜು ಕಲಿಯುತ್ತಾಳೆ. ಬೆಳಿಗ್ಗೆ ಮೊಟ್ಟೆ ಕೊಡಿ ಎಂದು ಅವಳ ಕೋಚ್ ಹೇಳಿದಾಗ ಅತ್ತೆ ಮೂಗು ಮುರಿದರು.

"ಏನಾದ್ರೂ ಮಾಡ್ಕೋ. ನನ್ನ ಅಡುಗೆಮನೆಗೆ ಮಾತ್ರ ತರಬೇಡ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮನೆಯಲ್ಲಿದ್ದ ಕರೆಂಟ್ ಓವನ್ ಎತ್ತಿಕೊಂಡು ಹೋಗಿ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಯುಟಿಲಿಟಿಯಲ್ಲಿ, ಗ್ಯಾಸ್ ಸಿಲಿಂಡರ್ ಪಕ್ಕ ಇಟ್ಟೆ. ಸೊಳ್ಳೆ ಕಾಟಕ್ಕೆ ಅಲ್ಲಿನ ಕಿಟಕಿ ಸದಾ ಮುಚ್ಚಿಯೇ ಇರುತ್ತಿತ್ತು. ಫೋನಿನಲ್ಲಿ ವಿಡಿಯೋ ನೋಡಿ ಮೊಟ್ಟೆ ಕದಡಿದೆ. ಈರುಳ್ಳಿ, ಹಸಿಮೆಣಸಿನಕಾಯಿ, ಅಚ್ಚಖಾರದಪುಡಿ ಸೇರಿಸಿ, ಮೇಲೆ ಧಾರಾಳವಾಗಿ ಚೀಸ್ ತುರಿದು ಗಾಜಿನ ಬಟ್ಟಲಲ್ಲಿ ಬೇಯಿಸಿದೆ. ಮಗಳು ಬಟ್ಟಲು ಕೆರೆದು ತಿಂದು "ಸಖತ್ತಾಗಿದೆ ಅಮ್ಮ" ಅಂದಳು. ವಾರದಲ್ಲಿ ಎರಡು ಮೂರು ಸಲ ಅದೇ ತಿಂಡಿಯಾಯಿತು.

ಕೆಲವು ವಾರಗಳಾದ ಮೇಲೆ ಅತ್ತೆಯ ರಾಗ ಶುರುವಾಯಿತು. ಮನೆಯೆಲ್ಲ ಮೊಟ್ಟೆ ವಾಸನೆಯಂತೆ. ನನಗೂ ಬರುತ್ತಿತ್ತು, ಕೊಳೆತ ಈರುಳ್ಳಿಯಂಥ ಸಣ್ಣ ವಾಸನೆ. ನಿಂಬೆಹಣ್ಣು ಹಾಕಿ ಓವನ್ ಉಜ್ಜಿದೆ. ಹೋಗಲಿಲ್ಲ. ಮೊಟ್ಟೆ ಮಾಡದ ದಿನವೂ ಬಂತು. ಓವನ್ನಿಗೇ ಹಿಡಿದುಬಿಟ್ಟಿದೆ ಎಂದುಕೊಂಡೆ. ಅತ್ತೆಯಂತೂ ಪೂಜೆ ಮುಗಿದ ಮೇಲೆ ಯುಟಿಲಿಟಿ ಬಾಗಿಲಲ್ಲಿ ನಿಂತು ದಿನಾ ಊದುಬತ್ತಿ ಹಚ್ಚತೊಡಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಬುದ್ಧಿ ಕಲಿಸಲಿಕ್ಕೇ ಹಚ್ಚುತ್ತಾರೆ ಎಂದೇ ನಂಬಿದ್ದೆ.

ಆ ಶನಿವಾರ ಬೆಳಿಗ್ಗೆ ಮಗಳು ಇನ್ನೂ ಮಲಗಿದ್ದಳು. ಓವನ್ ಮೊದಲು ಕಾಯಲಿ ಎಂದು ಯುಟಿಲಿಟಿಗೆ ಹೋಗಿ ಸ್ವಿಚ್ಚಿಗೆ ಕೈ ಚಾಚಿದೆ. ವಾಸನೆ ಎಂದಿಗಿಂತ ಜೋರಾಗಿ ಗಂಟಲಿಗೇ ಅಡರಿತು. ಅತ್ತೆ ಹಣೆಯ ವಿಭೂತಿ ಆರುವ ಮೊದಲೇ ಊದುಬತ್ತಿ ಹಿಡಿದು ಬಂದರು.

"ಬೆಳಬೆಳಿಗ್ಗೇನೇ ಶುರು ಮಾಡಿದ್ಯಾ?"

"ಇನ್ನೂ ಒಂದು ಮೊಟ್ಟೇನೂ ಒಡೆದಿಲ್ಲ ಅತ್ತೆ," ಎಂದು ಸಿಡುಕಿದೆ.

ಹೇಳಿದ ಮಾತು ನನ್ನ ಕಿವಿಗೇ ಬಿದ್ದಾಗ ಕಣ್ಣು ಪಕ್ಕದ ಸಿಲಿಂಡರ್ ಮೇಲೆ ಹೋಯಿತು. ಹಿಂದೆ ತಂದ ಮೊಟ್ಟೆ ಮಂಗಳವಾರವೇ ಮುಗಿದಿತ್ತು. ಹೊಸ ಮೊಟ್ಟೆಗಳು ಟ್ರೇಯಲ್ಲಿ ಹಾಗೇ ಕೂತಿದ್ದವು. ಬೆನ್ನ ಹಿಂದೆ ಬೆಂಕಿಪೊಟ್ಟಣ ತೆರೆದ ಸದ್ದಾಯಿತು.

ಸ್ವಿಚ್ಚು ಬಿಟ್ಟು ತಿರುಗಿ ಅತ್ತೆಯ ಎರಡೂ ಕೈ ಹಿಡಿದೆ. ಮಡಿಯಲ್ಲಿದ್ದವರನ್ನು ನಾನು ಎಂದೂ ಮುಟ್ಟಿದವಳಲ್ಲ. ಅವರು ಬೈಯಲು ಬಾಯಿ ತೆರೆದರು. ಇನ್ನೂ ಗೀರದ ಬೆಂಕಿಕಡ್ಡಿ ಅವರ ಬೆರಳಲ್ಲೇ ಇತ್ತು. ಅದನ್ನು ಕಿತ್ತುಕೊಂಡು, ರೆಗ್ಯುಲೇಟರ್ ತಿರುಗಿಸಿ, ಕಿಟಕಿ ತೆರೆದು, ಮಗಳನ್ನು ಎಬ್ಬಿಸಿ ಎಲ್ಲರನ್ನೂ ರಸ್ತೆಗೆ ಕರೆದುಕೊಂಡು ಬಂದೆ.

ಗ್ಯಾಸ್ ರಿಪೇರಿಯವನು ಬಂದು ಪೈಪು ಬಗ್ಗಿಸಿ ತೋರಿಸಿದ. ಓವನ್ ಕಡೆಯ ಮಗ್ಗುಲು ಉದ್ದಕ್ಕೂ ಬಿರುಕು ಬಿಟ್ಟಿತ್ತು.

"ಓವನ್ ಬಿಸಿ ತಾಗಿ ತಾಗಿ ಹಿಂಗಾಗಿದೆ ಮೇಡಂ. ವಾಸನೆ ಬರ್ಲಿಲ್ವಾ?"



ಮರುದಿನ ಅತ್ತೆಯೇ ಓವನ್ನನ್ನು ಅಡುಗೆಮನೆಗೆ ತರಿಸಿದರು. "ಮಾಡು, ನೋಡೋಣ," ಅಂದರು. ಚೀಸ್ ಕೆಂಪಗಾದ ಮೇಲೆ ಬಿಸಿ ಬಟ್ಟಲನ್ನು ಅವರ ಮುಂದಿಟ್ಟೆ. ಸೆರಗು ಸರಿಸಿ, ಬಗ್ಗಿ, ಕಣ್ಣು ಮುಚ್ಚಿ ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದಲ್ಲ ಕಣೇ," ಅಂದರು. ಆಮೇಲೆ ಕಡ್ಡಿ ಗೀರುತ್ತಿದ್ದ ತಮ್ಮ ಬಲಗೈಯನ್ನು ನೋಡಿಕೊಂಡರು. "ಹಂಗಾದ್ರೆ ನಾನು ದಿನಾ ಬೆಂಕಿ ಹಚ್ತಿದ್ದಿದ್ದು ಆ ಗ್ಯಾಸಿಗೇನಾ?"