ಮಂಗ ಮುಟ್ಟಿದವರ ಪಟ್ಟಿ

ಗೆಳೆಯರೇ, ಹಂದಿಜ್ವರದಿಂದ ಪಾಠ ಕಲಿತ ಊರು ನಮ್ಮದು. ಇವತ್ತು ಕಾಫಿ ತೋಟದಲ್ಲಿ ಸತ್ತುಬಿದ್ದಿದ್ದ ಮಂಗನಿಗೆ ಅಂತ್ಯಕ್ರಿಯೆ ಮಾಡುವಾಗ ಎಲ್ಲರ ಮುಖದಲ್ಲೂ ಮಾಸ್ಕ್ ಇತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಂಜನೇಯನ ಎದುರು ಯಾರು ಚಪ್ಪಲಿ ಹಾಕುತ್ತಾರೆ?

ಕುಂಕುಮ ಹಚ್ಚಿ, ಹಾರ ಹಾಕಿ, ಹೆಗಲ ಮೇಲೆ ಹೊತ್ತು, ಹಾಲುತುಪ್ಪ ಬಿಟ್ಟು ಹೂಳುವಷ್ಟರಲ್ಲಿ ಸಕಲೇಶಪುರದಿಂದ ಹೆಲ್ತ್ ಇನ್ಸ್‌ಪೆಕ್ಟರ್ ಬಂದರು.

"ಮಂಗ ಸತ್ರೆ ಮುಟ್ಬೇಡಿ ಅಂತ ಮೊನ್ನೆ ತಾನೇ ಹೇಳಿದ್ನಲ್ರೀ! ಅದರ ಮೈಮೇಲಿನ ಉಣುಗು ಕಚ್ಚಿದ್ರೆ ಮಂಗನ ಕಾಯಿಲೆ ಬರುತ್ತೆ."

"ಅದ್ಕೇ ಮಾಸ್ಕ್ ಹಾಕಿದ್ವಿ ಕಣ್ರೀ," ಎಂದರು ನಮ್ಮ ದೊಡ್ಡಪ್ಪ.

ಇನ್ಸ್‌ಪೆಕ್ಟರ್ ಹಣೆ ಚಚ್ಚಿಕೊಂಡರು. ಯಾರಿಗೆ ಜ್ವರ ಬರುತ್ತದೋ ನೋಡಬೇಕೆಂದು, ಮುಟ್ಟಿದವರ ಹೆಸರು ಬರೆಯತೊಡಗಿದರು. ಹೆಗಲು ಕೊಟ್ಟ ನಾಲ್ವರನ್ನು ದೊಡ್ಡಪ್ಪ ಮೊದಲು ಬರೆಸಿದರು. ಅಷ್ಟರಲ್ಲಿ ಸಂತೆಗೆ ಹೋಗಿದ್ದ ಮಲ್ಲೇಶಣ್ಣ ಓಡಿಬಂದ.

"ನಾನಿಲ್ದಾಗ ಮುಗಿಸ್ಬುಟ್ರಾ? ಸಾರ್, ನನ್ನ ಹೆಸ್ರೂ ಬರ್ಕಳಿ."

"ನೀವು ಮುಟ್ಟೇ ಇಲ್ವಲ್ರೀ!"

"ಎಲ್ಲರ ಮನೇದೂ ಐತೆ, ನಮ್ಮನೇದೊಂದು ಬ್ಯಾಡ್ವಾ?"

ಸಂಜೆಯ ಹೊತ್ತಿಗೆ ಪಟ್ಟಿಯಲ್ಲಿ ಇಡೀ ಊರಿತ್ತು. ಹಾರ ಹಾಕಿದವಳು ನಾನು. ನನ್ನ ಹೆಸರನ್ನು ಹತ್ತೊಂಬತ್ತನೆಯದಾಗಿ ಬರೆಸಿದ್ದಾರೆ. ಇರಲಿ, ಜ್ವರ ಬರಲಿ. ಯಾರು ಮುಂದೆ ಅಂತ ಆಗ ಗೊತ್ತಾಗುತ್ತದೆ.